ಅರ್ಜಿ ಕೊಡಿ, ಅಂಗಲಾಚಬೇಡಿ

ಕಳೆದ ವಾರ ನಮ್ಮ ಕಚೇರಿಗೆ ಗಿರಣಿ ಕೆಲಸಗಾರರೊಬ್ಬರು ಬಂದಿದ್ದರು. ಮೊದಲ ಪಾಳಿ ಮುಗಿಸಿ, ಅಂಗಿಗೆ ಹತ್ತಿದ್ದ ಹತ್ತಿಯ ಧೂಳನ್ನೂ ಕೊಡವಿಕೊಳ್ಳದೆ ನೆಟ್ಟಗೆ ಬಂದವರು. ಜೊತೆಯಲ್ಲಿ ಮಗಳು. ಹುಡುಗಿ ಕಾಲೇಜೊಂದರಲ್ಲಿ ಬಿ.ಕಾಂ. ಎರಡನೆಯ ವರ್ಷ ಓದುತ್ತಿದ್ದಾಳೆ. ಹುಟ್ಟಿನಿಂದಲೂ ಆಕೆಗೆ ಮಂದದೃಷ್ಟಿ. ಹಲಗೆಯ ಮೇಲೆ ಬರೆದದ್ದು ಮಸುಕು ಗೆರೆಗಳಾಗಿ ಮಾತ್ರ ಕಾಣುತ್ತದೆ. ಸಣ್ಣ ಅಚ್ಚಿನ ಪ್ರಶ್ನೆಪತ್ರಿಕೆಯನ್ನು ಮೂಗಿಗೆ ತಾಗಿಸಿಕೊಂಡು ಓದಬೇಕು. ಮೂರು ಗಂಟೆಯ ಪರೀಕ್ಷೆಯಲ್ಲಿ ಪ್ರಶ್ನೆ ಓದುವುದಕ್ಕೇ ಮುಕ್ಕಾಲು ಗಂಟೆ ಹೋಗುತ್ತದೆಂದು ಆಕೆಯೇ ಹೇಳಿದಳು.

ಒಂದು ದಿನ ಪಾಠ ಮುಗಿದ ಮೇಲೆ ಧೈರ್ಯ ಮಾಡಿ ಮೇಷ್ಟ್ರನ್ನು ಕೇಳಿದಳಂತೆ: "ಸರ್, ಟೆಸ್ಟಿನ ಪೇಪರು ಸ್ವಲ್ಪ ದೊಡ್ಡ ಅಕ್ಷರದಲ್ಲಿ ಸಿಕ್ಕೀತೇ? ಸ್ವಲ್ಪ ಹೊತ್ತು ಜಾಸ್ತಿ ಕೊಡ್ತೀರಾ?" ಮೇಷ್ಟ್ರು ಇಡೀ ತರಗತಿಗೆ ಕೇಳುವಂತೆ ಉತ್ತರಿಸಿದರಂತೆ: "ನಿನ್ನೊಬ್ಬಳಿಗೋಸ್ಕರ ಬೇರೆ ಪೇಪರು ಅಚ್ಚು ಹಾಕಿಸಲೇನಮ್ಮಾ? ಇಲ್ಲಿ ಎಲ್ಲರಿಗೂ ಒಂದೇ ರೂಲು." ಹಿಂದಿನ ಬೆಂಚುಗಳಲ್ಲಿ ನಗೆ ಎದ್ದಿತು. ಹುಡುಗಿ ಎರಡು ದಿನ ಕಾಲೇಜಿಗೆ ಹೋಗಲಿಲ್ಲ.

ತಂದೆ ನಮ್ಮ ಬಳಿ ಬಂದದ್ದು ದೂರು ಹೇಳುವುದಕ್ಕಲ್ಲ. ಮಗಳಿಗೆ ಎಲ್ಲಾದರೂ ಅಂಗಡಿಯಲ್ಲಿ ಬಿಲ್ಲು ಬರೆಯುವ ಕೆಲಸ ಕೊಡಿಸುತ್ತೀರಾ ಎಂದು ಕೇಳುವುದಕ್ಕೆ. "ಹೋಗ್ಲಿ ಬಿಡಿ ಸ್ವಾಮಿ, ಕಾಲೇಜಿನೋರ ಎದುರು ಹಾಕ್ಕೊಂಡು ನಮ್ಮಂಥೋರು ಬದುಕೋಕಾಗುತ್ತಾ? ಈ ವರ್ಷಕ್ಕೇ ನಿಲ್ಲಿಸಿಬಿಡ್ತೀನಿ" ಎಂದರು.

ಹಾಗೆಂದು ಕೈಮುಗಿದ ಅವರ ಬಲಗೈಯಲ್ಲಿ ಹೆಬ್ಬೆರಳಿರಲಿಲ್ಲ.

ನಾವು ಕೇಳಿದೆವು: ಯಂತ್ರ ಬೆರಳು ನುಂಗಿದಾಗ ನೀವು ಮಾಲೀಕರ ಕಾಲಿಗೆ ಬಿದ್ದು ಪರಿಹಾರ ಕೇಳಿದಿರೋ? ಇಲ್ಲ. ಸಂಘದವರು ಅರ್ಜಿ ಬರೆದರು, ವೈದ್ಯರ ಪತ್ರ ಲಗತ್ತಿಸಿದರು, ಕಾಯಿದೆಯ ಪಟ್ಟಿ ತೆರೆದು ತೋರಿಸಿದರು. ಅವರಿಗೆ ಏಟು ಬಿದ್ದ ಕಾಲಕ್ಕೆ ಆ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ನೂರಕ್ಕೆ 30ರಷ್ಟು ನಷ್ಟವೆಂದು ಅಚ್ಚಾಗಿತ್ತು. ಹಣ ಬಂತು. ಅದನ್ನು ಮಾಲೀಕರ ಔದಾರ್ಯವೆಂದು ಆ ಗಿರಣಿಯಲ್ಲಿ ಒಬ್ಬನೂ ಹೇಳಲಿಲ್ಲ. ತನ್ನ ಬೆರಳಿಗೆ ಕೈಮುಗಿಯದ ಮನುಷ್ಯ ಮಗಳ ಕಣ್ಣಿಗೆ ಏಕೆ ಕೈಮುಗಿಯಬೇಕು? ಇಂದು ನಮ್ಮ ಓದುಗರ ಮುಂದೆ ಇಡುವ ಪ್ರಶ್ನೆ ಇದೇ.

ಕಾಯಿದೆ ಏನು ಹೇಳುತ್ತದೆ?

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಹಿಂದಿನ 1995ರ ಕಾಯಿದೆ ಏಳು ಬಗೆಯ ವೈಕಲ್ಯಗಳನ್ನು ಮಾತ್ರ ಎಣಿಸಿತ್ತು. ಇದು 21 ಬಗೆಗಳನ್ನು ಎಣಿಸುತ್ತದೆ. ಕಣ್ಣಿಗೆ ಕಾಣುವ ಕುರುಡು, ಕುಂಟು ಮಾತ್ರವಲ್ಲ. ಕಿವುಡು, ಅಕ್ಷರ ಕೂಡಿಸಿ ಓದಲಾಗದ ಕಲಿಕೆಯ ತೊಡಕು, ಮಾನಸಿಕ ಕಾಯಿಲೆ, ಥಲಸ್ಸೇಮಿಯಾದಂಥ ರಕ್ತದ ಕಾಯಿಲೆ, ಇವೂ ಅದರಲ್ಲಿ ಸೇರಿವೆ.

ಆ ಕಾಯಿದೆಯ 16ನೆಯ ಕಲಮು, ಸರ್ಕಾರದಿಂದ ಹಣ ಪಡೆಯುವ ಅಥವಾ ಸರ್ಕಾರದ ಮಾನ್ಯತೆ ಪಡೆದ ವಿದ್ಯಾಸಂಸ್ಥೆಗಳು ಅಂಗವಿಕಲ ವಿದ್ಯಾರ್ಥಿಗೆ ಆತನ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡಬೇಕೆಂದು ಹೇಳುತ್ತದೆ. ‘ಮಾನ್ಯತೆ ಪಡೆದ’ ಎಂಬ ಮಾತನ್ನು ಓದುಗರು ಗಮನಿಸಬೇಕು. "ನಮ್ಮದು ಖಾಸಗಿ ಕಾಲೇಜು, ಸರ್ಕಾರದ ನಿಯಮ ನಮಗಿಲ್ಲ" ಎನ್ನುವ ಆಡಳಿತ ಮಂಡಳಿಗಳು ಗೋಡೆಗೆ ತೂಗುಹಾಕಿರುವ ತಮ್ಮ ಮಾನ್ಯತೆಯ ಪತ್ರವನ್ನೇ ಮತ್ತೊಮ್ಮೆ ಓದಿಕೊಳ್ಳಲಿ. 17ನೆಯ ಕಲಮು ಪರೀಕ್ಷೆಯ ಮಾತನ್ನೇ ಎತ್ತಿ ಹೇಳುತ್ತದೆ: ಹೆಚ್ಚು ಸಮಯ, ಉತ್ತರ ಬರೆದುಕೊಡಲು ಬರಹಗಾರ, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ. ಇನ್ನು 2ನೆಯ ಕಲಮಿನಲ್ಲಿ, ತಕ್ಕ ಅನುಕೂಲವನ್ನು ನಿರಾಕರಿಸುವುದೂ ತಾರತಮ್ಯವೇ ಎಂದು ಬರೆದಿದೆ. ಸಂಸ್ಥೆಯ ಮೇಲೆ ಮಿತಿಮೀರಿದ ಹೊರೆ ಬೀಳಬಾರದೆಂಬ ಒಂದು ಮಾತೂ ಉಂಟು. ಅದನ್ನು ನಾವು ಬಚ್ಚಿಡುವುದಿಲ್ಲ. ಆದರೆ ಎರಡು ಹಾಳೆಯನ್ನು ದೊಡ್ಡದು ಮಾಡಿ ಜೆರಾಕ್ಸ್ ತೆಗೆಸುವುದು ಯಾವ ಕಾಲೇಜಿನ ಬೆನ್ನು ಮುರಿಯುವ ಹೊರೆ?

ನಮ್ಮ ರಾಜ್ಯದಲ್ಲಿ ಮೊದಲು ‘ಅಂಗವಿಕಲ’ ಎನ್ನುತ್ತಿದ್ದ ಸರ್ಕಾರ ಈಗ ‘ವಿಕಲಚೇತನ’ ಎನ್ನುತ್ತಿದೆ. ಇಲಾಖೆಯ ಬೋರ್ಡು ಬದಲಾಯಿತು. ಒಳ್ಳೆಯದೇ. ಆದರೆ ಹೆಸರು ಬದಲಾದ ಮಾತ್ರಕ್ಕೆ ಮಹಡಿಯ ಮೆಟ್ಟಿಲು ಇಳಿಜಾರಾಗಲಿಲ್ಲ, ಪ್ರಶ್ನೆಪತ್ರಿಕೆಯ ಅಕ್ಷರ ದಪ್ಪವಾಗಲಿಲ್ಲ. 2011ರ ಜನಗಣತಿ ದೇಶದಲ್ಲಿ 2 ಕೋಟಿ 68 ಲಕ್ಷ ಅಂಗವಿಕಲರನ್ನು ಎಣಿಸಿತು; ಕರ್ನಾಟಕದಲ್ಲೇ 13 ಲಕ್ಷಕ್ಕೂ ಮಿಕ್ಕಿ. ಅವರ ಪೈಕಿ ಕಾಲೇಜಿನ ಮೆಟ್ಟಿಲು ಹತ್ತಿದವರು ಎಷ್ಟು ಬಾಗಿಲು ದಾಟಿ ಅಲ್ಲಿಗೆ ಬಂದಿರಬೇಕು! ಅಂಥವರನ್ನು ಒಂದು ನಗೆಯಿಂದ ಮನೆಗೆ ಕಳುಹಿಸುವ ಅಧಿಕಾರವನ್ನು ಯಾರಿಗೂ ಯಾರೂ ಕೊಟ್ಟಿಲ್ಲ.

‘ಎಲ್ಲರಿಗೂ ಒಂದೇ ರೂಲು’

ಈ ಮಾತು ಕೇಳಲು ಬಹಳ ನ್ಯಾಯವಾಗಿದೆ. ಸಮಾನತೆಯ ಪಕ್ಷದವರಾದ ನೀವೇ ಇದನ್ನು ವಿರೋಧಿಸಬಹುದೇ ಎಂದು ನಮ್ಮನ್ನು ಕೇಳುವವರಿದ್ದಾರೆ. ಅವರಿಗೆ ಉತ್ತರವನ್ನು ನಮ್ಮ ಪೇಟೆಯ ಅಂಗಡಿಕಾರರೇ ಕೊಡಬಲ್ಲರು.

ತಕ್ಕಡಿಯ ಮೇಲೆ ಚೀಲ ಇಟ್ಟು ಅಕ್ಕಿ ತೂಗುವಾಗ ಚೀಲದ ತೂಕ ಕಳೆಯುತ್ತೀರಷ್ಟೆ? ಕಳೆಯದೆ ಲೆಕ್ಕ ಹಾಕಿದರೆ ಗಿರಾಕಿ ಬಿಡುತ್ತಾನೆಯೇ? ಒಬ್ಬ ತೆಳು ಚೀಲ ತಂದ, ಇನ್ನೊಬ್ಬ ದಪ್ಪ ಚೀಲ ತಂದ. ಇಬ್ಬರಿಗೂ ತಕ್ಕಡಿ ಒಂದೇ, ಕಲ್ಲು ಒಂದೇ; ಆದರೆ ಕಳೆಯುವ ತೂಕ ಬೇರೆ. ಹಾಗೆ ಕಳೆದಾಗಲೇ ಅಕ್ಕಿಯ ನಿಜವಾದ ತೂಕ ತಿಳಿಯುವುದು. ಪರೀಕ್ಷೆ ಅಳೆಯಬೇಕಾದದ್ದು ಹುಡುಗಿಗೆ ಜಮಾಖರ್ಚಿನ ವಿದ್ಯೆ ಎಷ್ಟು ಬಂದಿದೆಯೆಂದು. ಸಣ್ಣ ಅಚ್ಚನ್ನು ಎಷ್ಟು ಬೇಗ ಓದುತ್ತಾಳೆ ಎಂಬುದು ಚೀಲದ ತೂಕ. ಅದನ್ನು ಕಳೆಯದೆ ಅಂಕ ಕೊಡುವ ಮೇಷ್ಟ್ರು, ಚೀಲವನ್ನೂ ಅಕ್ಕಿಯೆಂದು ಲೆಕ್ಕ ಹಿಡಿಯುವ ವ್ಯಾಪಾರಿಗೆ ಸಮಾನ.

ಇಷ್ಟಕ್ಕೂ, ಎಲ್ಲರಿಗೂ ಒಂದೇ ರೂಲು ಎಂದು ಗುಡುಗುವ ಎಷ್ಟೋ ಮೇಷ್ಟ್ರುಗಳ ಮೂಗಿನ ಮೇಲೆ ಕನ್ನಡಕವಿರುತ್ತದೆ. ಕನ್ನಡಕವಿಲ್ಲದವರಿಗೆ ಅದು ಅನ್ಯಾಯವೆಂದು ಯಾರಾದರೂ ತಕರಾರು ತೆಗೆದಿದ್ದಾರೆಯೇ?

ಎರಡನೆಯ ಆಕ್ಷೇಪ: "ಸುಳ್ಳು ಹೇಳಿ ಹೆಚ್ಚು ಸಮಯ ಗಿಟ್ಟಿಸುವವರಿದ್ದಾರೆ." ಇರಬಹುದು. ಸುಳ್ಳು ಬಿಲ್ಲು ಬರೆಯುವವನೊಬ್ಬ ಇದ್ದಾನೆಂದು ಪೇಟೆಯ ಅಂಗಡಿಗಳನ್ನೆಲ್ಲ ಮುಚ್ಚಿಸುತ್ತೇವೆಯೇ? ಪ್ರಮಾಣಪತ್ರ ನೋಡುವುದು, ಸಂದೇಹವಿದ್ದರೆ ವೈದ್ಯರನ್ನು ಕೇಳುವುದು ಕಾಲೇಜಿನ ಕೆಲಸ. ನೂರು ಮಂದಿ ನಿಜವಾದ ವಿದ್ಯಾರ್ಥಿಗಳನ್ನು ಕಳ್ಳರಂತೆ ನಿಲ್ಲಿಸುವುದು ಅದರ ಕೆಲಸವಲ್ಲ.

ಮೂರನೆಯದು ಎಲ್ಲಕ್ಕಿಂತ ಕುಟಿಲವಾದದ್ದು: "ನಿನಗೆ ನೂರಕ್ಕೆ ನಲವತ್ತು ವೈಕಲ್ಯ ಇಲ್ಲ, ಆದ್ದರಿಂದ ನಿನಗೆ ಏನೂ ಇಲ್ಲ." ಈ ನಲವತ್ತರ ಗೆರೆ ಮುಖ್ಯವಾಗಿ ಸೀಟು, ನೌಕರಿಗಳ ಮೀಸಲಾತಿಗೆ ಸಂಬಂಧಿಸಿದ್ದು. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ನೂರಕ್ಕೆ 5ಕ್ಕೆ ಕಡಿಮೆಯಿಲ್ಲದ ಸೀಟುಗಳು ಆ ಗೆರೆ ದಾಟಿದವರಿಗೆ ಮೀಸಲು. ತಕ್ಕ ಅನುಕೂಲದ ಹಕ್ಕು ಬೇರೆ. 2018ರ ನಾಗರಿಕ ಸೇವಾ ಪರೀಕ್ಷೆಯಲ್ಲಿ, ಬರೆಯುವಾಗ ಕೈ ಸೆಡೆತುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಯೊಬ್ಬರಿಗೆ ಕೇಂದ್ರ ಲೋಕಸೇವಾ ಆಯೋಗ ಬರಹಗಾರರನ್ನು ನಿರಾಕರಿಸಿತು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. 2021ರ ಫೆಬ್ರವರಿ 11ರಂದು ಬಂದ ತೀರ್ಪು, ನಲವತ್ತರ ಗೆರೆಯನ್ನು ಅಡ್ಡ ಹಿಡಿದು ಬರಹಗಾರರನ್ನು ನಿರಾಕರಿಸುವಂತಿಲ್ಲವೆಂದು ಸ್ಪಷ್ಟಪಡಿಸಿತು. ಅಂಥವರಿಗಾಗಿಯೇ 2022ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಬೇರೆ ಮಾರ್ಗಸೂಚಿ ಹೊರಡಿಸಬೇಕಾಯಿತು. ಇಷ್ಟಾದ ಮೇಲೂ ಕಾಲೇಜಿನ ಗುಮಾಸ್ತರು ನಲವತ್ತರ ಪಾಠ ಒಪ್ಪಿಸುತ್ತಿದ್ದರೆ, ಅದು ಅಜ್ಞಾನವೋ ಸೋಗೋ ಎಂದು ಕೇಳುವ ಹಕ್ಕು ನಮಗಿದೆ.

ಕೇಳುವುದು ಹೇಗೆ?

ಹಕ್ಕು ಪುಸ್ತಕದಲ್ಲಿದ್ದರೆ ಸಾಲದು. ಕೂಲಿಯ ದರ ಗೆಜೆಟ್ಟಿನಲ್ಲಿ ಅಚ್ಚಾದ ಮಾತ್ರಕ್ಕೆ ಕೈಗೆ ಬರುವುದಿಲ್ಲವೆಂದು ನಮ್ಮ ಕಾರ್ಮಿಕ ಬಂಧುಗಳಿಗೆ ನಾವು ಹೇಳಿಕೊಡಬೇಕಾಗಿಲ್ಲ. ಆದುದರಿಂದ ಕೇಳುವ ಕ್ರಮವನ್ನು ಇಲ್ಲಿ ಬರೆಯುತ್ತೇವೆ. ಈ ಹಾಳೆಯನ್ನು ಕತ್ತರಿಸಿ ಇಟ್ಟುಕೊಳ್ಳಿ.

ಮೊದಲು ಕಾಗದ. ಜಿಲ್ಲಾ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿ ವೈಕಲ್ಯದ ಪ್ರಮಾಣಪತ್ರ ಮತ್ತು ಯು.ಡಿ.ಐ.ಡಿ. ಕಾರ್ಡು ಮಾಡಿಸಿಕೊಳ್ಳಿ. ಕಾಲೇಜು ಸೇರುವ ಮೊದಲೇ ಇದಾದರೆ ಉತ್ತಮ. ನಕಲುಗಳನ್ನು ಕೊಡಿ; ಮೂಲಪತ್ರವನ್ನು ಯಾರ ಮೇಜಿನ ಮೇಲೂ ಬಿಟ್ಟು ಬರಬೇಡಿ.

ಎರಡನೆಯದು ಕಾಲ. ಪರೀಕ್ಷೆಯ ಹಿಂದಿನ ದಿನ ಕೇಳಿದರೆ ಕೊಡಬೇಕೆಂದಿರುವ ಮೇಷ್ಟ್ರಿಗೂ ಕೊಡಲಾಗುವುದಿಲ್ಲ. ಸೆಮಿಸ್ಟರ್ ಆರಂಭವಾದ ಮೊದಲ ವಾರದಲ್ಲೇ ಅರ್ಜಿ ಹೋಗಬೇಕು. ತಡವಾದರೆ ಏನಾಗುತ್ತದೆಂಬುದಕ್ಕೆ ಒಂದು ನಿದರ್ಶನ ಉಂಟು. 2021ರ ಸೆಪ್ಟೆಂಬರ್‌ನಲ್ಲಿ ವೈದ್ಯಕೀಯ ಪ್ರವೇಶ ಪರೀಕ್ಷೆ ಬರೆದ, ಬರವಣಿಗೆಯ ತೊಡಕಿದ್ದ ಒಬ್ಬ ಹುಡುಗಿಗೆ ಸಲ್ಲಬೇಕಾಗಿದ್ದ ಹೆಚ್ಚಿನ ಒಂದು ಗಂಟೆಯನ್ನು ಪರೀಕ್ಷಾ ಕೇಂದ್ರದಲ್ಲಿ ಕೊಡಲಿಲ್ಲ. ಆಕೆಗೆ ಅನ್ಯಾಯವಾಗಿದೆಯೆಂದು ಅದೇ ವರ್ಷದ ನವೆಂಬರ್ 23ರಂದು ಸುಪ್ರೀಂ ಕೋರ್ಟೇ ಹೇಳಿತು; ಆದರೂ ಮರುಪರೀಕ್ಷೆ ನಡೆಸಿರೆಂದು ಆಜ್ಞೆ ಮಾಡಲಿಲ್ಲ, ಬೇರೆ ಪರಿಹಾರ ಹುಡುಕಿರೆಂದು ಪರೀಕ್ಷಾ ಮಂಡಳಿಗೆ ಬಿಟ್ಟಿತು. ತಪ್ಪು ಹುಡುಗಿಯದಲ್ಲ. ಆದರೆ ಕಳೆದುಹೋದ ಗಂಟೆಯನ್ನು ಯಾವ ನ್ಯಾಯಾಲಯವೂ ಹಿಂದಕ್ಕೆ ತಂದುಕೊಡಲಾರದು. ಆದ್ದರಿಂದ ಗಡಿಯಾರ ಓಡುವ ಮೊದಲೇ ಒಪ್ಪಿಗೆ ಬರಹದಲ್ಲಿ ಕೈಯಲ್ಲಿರಲಿ, ಪರೀಕ್ಷೆಯ ಕೋಣೆಗೂ ಅದು ಜೊತೆಯಲ್ಲಿ ಹೋಗಲಿ.

ಮೂರನೆಯದು ಮಾತಾಡುವ ಜಾಗ. ತರಗತಿಯ ನಡುವೆ, ಎಲ್ಲರ ಮುಂದೆ ಕೇಳಬೇಡಿ. ಅಧ್ಯಾಪಕರ ಕೊಠಡಿಯಲ್ಲಿ, ಬಿಡುವಿನ ವೇಳೆ ತಿಳಿದುಕೊಂಡು, ಅರ್ಜಿಯ ನಕಲು ಹಿಡಿದುಕೊಂಡು ಹೋಗಿ. ಕಾಯಿಲೆಯ ಚರಿತ್ರೆಯನ್ನೆಲ್ಲ ಅವರಿಗೆ ಹೇಳಬೇಕಾಗಿಲ್ಲ. ಅಡ್ಡಿ ಯಾವುದು, ಬೇಕಾದ ಅನುಕೂಲ ಯಾವುದು, ಇವೆರಡು ಸಾಕು. ಮಾನಸಿಕ ಕಾಯಿಲೆಯಿಂದ ಬಳಲುವ ವಿದ್ಯಾರ್ಥಿ ಅದರ ಹೆಸರನ್ನು ತರಗತಿಗೆ ಸಾರಬೇಕೆಂದು ಯಾವ ಕಾಯಿದೆಯೂ ಹೇಳಿಲ್ಲ.

ನಾಲ್ಕನೆಯದು, ಇದೇ ಮುಖ್ಯವಾದದ್ದು: ಖಚಿತವಾಗಿ ಕೇಳಿ. "ಏನಾದರೂ ಸಹಾಯ ಮಾಡಿ ಸರ್" ಎಂದರೆ ಅದು ದಯೆಯ ಬಾಗಿಲು ತಟ್ಟಿದಂತೆ. ಗಾಲಿಕುರ್ಚಿಯ ವಿದ್ಯಾರ್ಥಿ "ನಮ್ಮ ತರಗತಿಯನ್ನು ಮಹಡಿಯಿಂದ ಕೆಳಗಿನ ಕೋಣೆಗೆ ಬದಲಿಸಿ" ಎನ್ನಲಿ. ಕಿವಿ ಕೇಳದವರು "ಮುಂದಿನ ಸಾಲಿನಲ್ಲಿ ಜಾಗ ಬೇಕು, ಹಲಗೆಯ ಕಡೆ ತಿರುಗಿಕೊಂಡು ಪಾಠ ಹೇಳಬೇಡಿ, ಟೆಸ್ಟಿನ ದಿನಾಂಕವನ್ನು ಬಾಯಲ್ಲಿ ಹೇಳದೆ ಬರೆದು ಹಾಕಿ" ಎನ್ನಲಿ. ಇದಕ್ಕೆ ಕಾಸಿನ ಖರ್ಚೂ ಇಲ್ಲ. ಕೇಂದ್ರ ಸರ್ಕಾರ 2018ರ ಆಗಸ್ಟ್ 29ರಂದು ಹೊರಡಿಸಿದ ಮಾರ್ಗಸೂಚಿ, ನಲವತ್ತರ ಗೆರೆ ದಾಟಿದವರ ವಿಷಯದಲ್ಲಿ, ಪರೀಕ್ಷೆಯ ಪ್ರತಿ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಷ್ಟು ಹೆಚ್ಚಿನ ಸಮಯ ಎಂದು ಬರೆದಿತ್ತು; ಅಂದರೆ ಮೂರು ಗಂಟೆಗೆ ಒಂದು ಗಂಟೆ. ಬರಹಗಾರರ ನಿಯಮಗಳು ಆಗಾಗ ತಿದ್ದುಪಡಿಯಾಗುವುದರಿಂದ, ಈಗ ಜಾರಿಯಲ್ಲಿರುವ ಸುತ್ತೋಲೆಯ ಪ್ರತಿಯನ್ನು ಕಾಲೇಜಿನಿಂದಲೇ ಕೇಳಿ ಪಡೆಯಿರಿ.

ನಮ್ಮ ಬಳಿ ಬಂದ ಹುಡುಗಿ ಬರೆದ ಅರ್ಜಿಯನ್ನು ಆಕೆಯ ಒಪ್ಪಿಗೆಯಿಂದ, ಹೆಸರು ಬಿಟ್ಟು, ಅಚ್ಚು ಹಾಕುತ್ತಿದ್ದೇವೆ:

"ಮಾನ್ಯ ಪ್ರಿನ್ಸಿಪಾಲರಿಗೆ. ನಾನು ಬಿ.ಕಾಂ. ಎರಡನೆಯ ವರ್ಷದ ವಿದ್ಯಾರ್ಥಿನಿ. ನನಗೆ ಮಂದದೃಷ್ಟಿ ಇದೆ. ಪ್ರಮಾಣಪತ್ರದ ನಕಲನ್ನು ಲಗತ್ತಿಸಿದ್ದೇನೆ. ಸಣ್ಣ ಅಚ್ಚನ್ನು ಓದಲು ಹೆಚ್ಚು ಸಮಯ ಹಿಡಿಯುತ್ತದೆ. ಹಲಗೆಯ ಬರಹ ಕಾಣುವುದಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯ 16 ಮತ್ತು 17ನೆಯ ಕಲಮುಗಳಂತೆ ಈ ಅನುಕೂಲಗಳನ್ನು ಮಾಡಿಕೊಡಬೇಕೆಂದು ಕೋರುತ್ತೇನೆ: ಒಂದು, ಪ್ರಶ್ನೆಪತ್ರಿಕೆ ದೊಡ್ಡ ಅಕ್ಷರದಲ್ಲಿ; ಎರಡು, ಗಂಟೆಗೆ 20 ನಿಮಿಷ ಹೆಚ್ಚಿನ ಸಮಯ; ಮೂರು, ಹಲಗೆಯ ಮೇಲೆ ಬರೆಯುವ ಲೆಕ್ಕಗಳನ್ನು ಬಾಯಲ್ಲೂ ಹೇಳುವುದು ಅಥವಾ ಅದರ ಪ್ರತಿ ಕೊಡುವುದು. ಪಠ್ಯದಲ್ಲಿ ಯಾವ ರಿಯಾಯಿತಿಯನ್ನೂ ನಾನು ಕೇಳುತ್ತಿಲ್ಲ. ಆಂತರಿಕ ಪರೀಕ್ಷೆಗೆ ಮೊದಲು ಲಿಖಿತ ಉತ್ತರ ದಯಪಾಲಿಸಬೇಕು. ಪ್ರತಿ: ಸಂಬಂಧಪಟ್ಟ ಅಧ್ಯಾಪಕರಿಗೆ."

‘ಪಠ್ಯದಲ್ಲಿ ಯಾವ ರಿಯಾಯಿತಿಯನ್ನೂ ಕೇಳುತ್ತಿಲ್ಲ’ ಎಂಬ ಸಾಲು ಆಕೆಯೇ ಸೇರಿಸಿದ್ದು. ನಾವು ಹೇಳಿಕೊಟ್ಟದ್ದಲ್ಲ.

ಕೊನೆಯದಾಗಿ, ಅರ್ಜಿಯ ಎರಡನೆಯ ಪ್ರತಿಯ ಮೇಲೆ ಕಾಲೇಜಿನ ಮುದ್ರೆ, ತಾರೀಖು, ಸಹಿ ಹಾಕಿಸಿಕೊಳ್ಳಿ. ಮುದ್ರೆಯಿಲ್ಲದ ಅರ್ಜಿ ಗಾಳಿಗೆ ಹೇಳಿದ ಮಾತು. ಇಲ್ಲವೆಂದರೆ ಕಾರಣವನ್ನು ಬರೆದುಕೊಡಿ ಎನ್ನಿ. ಬಾಯಲ್ಲಿ ಧಾರಾಳವಾಗಿ ಇಲ್ಲ ಎನ್ನುವವರು ಬರೆಯಬೇಕೆಂದ ಕೂಡಲೇ ಮೆತ್ತಗಾಗುವುದುಂಟು. ಸರ್ಕಾರಿ ಕಾಲೇಜಾದರೆ ಕಾಯಿದೆಯ 23ನೆಯ ಕಲಮಿನಂತೆ ದೂರು ವಿಚಾರಿಸುವ ಅಧಿಕಾರಿ ಇರಬೇಕು. ದೂರು ದಾಖಲಾದ ಎರಡು ವಾರದೊಳಗೆ ಆತ ವಿಚಾರಣೆ ನಡೆಸಬೇಕು. ಅಲ್ಲಿ ಆಗದಿದ್ದರೆ ಜಿಲ್ಲಾ ಮಟ್ಟದ ಸಮಿತಿ. ಕಾಲೇಜು ಸರ್ಕಾರಿಯೇ ಇರಲಿ, ಖಾಸಗಿಯೇ ಇರಲಿ, ಅಂಗವಿಕಲರ ಹಕ್ಕುಗಳನ್ನು ಕಾಯಲೆಂದೇ ನೇಮಿಸಿರುವ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು.

ಅಧ್ಯಾಪಕರಿಗೆ ಒಂದು ಮಾತು

ಅಧ್ಯಾಪಕರೆಲ್ಲ ಕಲ್ಲೆದೆಯವರೆಂದು ನಾವು ಹೇಳುತ್ತಿಲ್ಲ. ಅವರಲ್ಲಿ ಎಷ್ಟೋ ಮಂದಿ ಅತಿಥಿ ಉಪನ್ಯಾಸಕರು. ಅತಿಥಿ ಎಂಬುದು ಬರಿಯ ಹೆಸರು. ಸಂಬಳಕ್ಕಾಗಿ ತಿಂಗಳುಗಟ್ಟಲೆ ಕಾದು, ಮುಂದಿನ ವರ್ಷ ಕೆಲಸ ಉಂಟೋ ಇಲ್ಲವೋ ಎಂದು ಹೆದರಿ ಬದುಕುವ ದುಡಿಮೆಗಾರರು. ಅನುಕೂಲ ಮಾಡಿಕೊಡುವ ವಿಧಾನವನ್ನು ಅವರಿಗೆ ಯಾರೂ ಕಲಿಸಿಲ್ಲ, ಅದಕ್ಕೆ ಬೇಕಾದ ಹಾಳೆಯನ್ನೂ ಕಾಲೇಜು ಕೊಡುವುದಿಲ್ಲ. ಹೊಣೆಯನ್ನೆಲ್ಲ ಮೇಷ್ಟ್ರ ಮೇಲೆ ಹೊರಿಸಿ, ಆಡಳಿತ ಮಂಡಳಿ ವಾರ್ಷಿಕೋತ್ಸವದ ಶಾಮಿಯಾನಕ್ಕೆ ಹಣ ಚೆಲ್ಲುತ್ತದೆ. ಅದಕ್ಕೇ ಅರ್ಜಿ ಪ್ರಿನ್ಸಿಪಾಲರ ಹೆಸರಿಗೆ ಹೋಗಲಿ ಎಂದು ನಾವು ಹೇಳುವುದು. ಆದರೆ ನಗಿಸುವುದಕ್ಕೆ ಯಾವ ಅನುದಾನವೂ ಬೇಕಿರಲಿಲ್ಲವಲ್ಲ ಮೇಷ್ಟ್ರೇ? ಅದೊಂದನ್ನು ನೀವು ಸ್ವಂತ ಖರ್ಚಿನಲ್ಲೇ ಮಾಡಿದಿರಿ.

ಇದು ಗಿರಣಿಯ ಪ್ರಶ್ನೆಯೂ ಹೌದು

‘ಇದು ಓದುವ ಮಕ್ಕಳ ವಿಷಯ, ನಮಗೇನು’ ಎಂದು ಕೆಲವರು ಪುಟ ಮಗುಚಿಯಾರು. ಅವರಿಗೆ ದೂರದ ಒಂದು ಕಥೆ ಹೇಳಬೇಕು. ಅಮೆರಿಕದಲ್ಲಿ 1973ರಲ್ಲೇ, ಸರ್ಕಾರದ ಹಣ ಪಡೆಯುವ ಸಂಸ್ಥೆಗಳು ಅಂಗವಿಕಲರ ಬಗ್ಗೆ ತಾರತಮ್ಯ ಮಾಡಬಾರದೆಂಬ ಕಾಯಿದೆ ಬಂತು. ಆದರೆ ಅದನ್ನು ಜಾರಿಗೆ ತರುವ ನಿಯಮಗಳಿಗೆ ಮೂರೂವರೆ ವರ್ಷವಾದರೂ ಸಹಿ ಬೀಳಲಿಲ್ಲ. 1977ರ ಏಪ್ರಿಲ್ 5ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಅಂಗವಿಕಲರು ಸರ್ಕಾರಿ ಕಚೇರಿಯೊಳಗೆ ಹೋಗಿ ಕುಳಿತುಬಿಟ್ಟರು. ಗಾಲಿಕುರ್ಚಿಯವರು, ಕುರುಡರು, ಕಿವುಡರು ಮೂರು ವಾರಕ್ಕೂ ಮೇಲ್ಪಟ್ಟು ಅಲ್ಲಿಂದ ಕದಲಲಿಲ್ಲ. ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಕರಿಯ ಬಂಧುಗಳು ಬಿಸಿಯೂಟ ತಂದುಕೊಟ್ಟರು. ಅವರಲ್ಲಿ ಕೆಲವರು ವಾಷಿಂಗ್ಟನ್ನಿಗೆ ಹೋಗಿ ಮಂತ್ರಿಯನ್ನು ಕಾಣಲು ಹೊರಟಾಗ ಅಲ್ಲಿ ಓಡಾಡಲು ಲಾರಿ ಒದಗಿಸಿದವರು ಯಂತ್ರ ಕಾರ್ಮಿಕರ ಸಂಘದವರು. ಏಪ್ರಿಲ್ 28ರಂದು ಸಹಿ ಬಿತ್ತು.

ನಮ್ಮ ದೇಶದಲ್ಲೂ ಹೀಗೆಯೇ. 2020ರಲ್ಲಿ ಕೇಂದ್ರ ಸರ್ಕಾರ 2016ರ ಕಾಯಿದೆಯ ದಂಡದ ಕಲಮುಗಳನ್ನು ಸಡಿಲಿಸಲು ಹೊರಟಾಗ ಅಂಗವಿಕಲರ ಸಂಘಟನೆಗಳು ಪ್ರತಿಭಟಿಸಿದವು. ಸರ್ಕಾರ ಆ ಯೋಚನೆಯನ್ನು ಕೈಬಿಡಬೇಕಾಯಿತು. ಸುಮ್ಮನಿದ್ದರೆ ಇದ್ದ ಹಕ್ಕೂ ಸವೆಯುತ್ತದೆ.

ನಮ್ಮ ಬೇಡಿಕೆಗಳು ಸರಳವಾಗಿವೆ. ಪ್ರತಿ ಕಾಲೇಜು ವರ್ಷದ ಆರಂಭದಲ್ಲೇ, ಯಾವ ಅನುಕೂಲ ಉಂಟು, ಯಾರನ್ನು ಕೇಳಬೇಕು ಎಂಬುದನ್ನು ಸೂಚನಾ ಫಲಕದಲ್ಲಿ ಕನ್ನಡದಲ್ಲಿ ಹಾಕಲಿ. ಅರ್ಜಿಗೆ ಇಂತಿಷ್ಟು ದಿನದಲ್ಲಿ ಲಿಖಿತ ಉತ್ತರ ಕೊಡಲಿ. ಕಾರ್ಮಿಕ ಸಂಘಗಳು ವಾರಕ್ಕೊಂದು ಸಂಜೆ ತಮ್ಮ ಕಚೇರಿಯಲ್ಲಿ ಇಂಥ ಅರ್ಜಿಗಳನ್ನು ಬರೆದುಕೊಡಲಿ. ಪರಿಹಾರದ ಅರ್ಜಿ ಬರೆದು ಪಳಗಿದ ಕೈಗಳಿಗೆ ಇದು ಕಷ್ಟವಲ್ಲ. ಜಿಲ್ಲಾ ಆಸ್ಪತ್ರೆಗೆ ಅಲೆಯುವ ಮಕ್ಕಳ ಜೊತೆ ಒಬ್ಬ ಹಿರಿಯರು ಹೋಗಲಿ. ಜೆರಾಕ್ಸ್ ಅಂಗಡಿಯವರು ಪಠ್ಯವನ್ನು ದೊಡ್ಡ ಅಕ್ಷರಕ್ಕೆ ತಿರುಗಿಸಿಕೊಡುವಾಗ ಲಾಭ ಬಿಡಲಿ.

ಆ ಕೆಲಸಗಾರರು ಮೊನ್ನೆ ರಜೆ ಹಾಕಿ ಮಗಳ ಜೊತೆ ಕಾಲೇಜಿಗೆ ಹೋದರು. ಗುಮಾಸ್ತರು ಮೊದಲು "ನಾಳೆ ಬನ್ನಿ" ಎಂದರಂತೆ. "ಮುದ್ರೆ ಬೀಳೋವರೆಗೂ ಇಲ್ಲೇ ಕೂತಿರ್ತೀವಿ ಸ್ವಾಮಿ" ಎಂದು ತಂದೆ ಬೆಂಚಿನ ಮೇಲೆ ಕುಳಿತರು. ಒಂದು ಗಂಟೆಯ ಮೇಲೆ ಮುದ್ರೆ ಬಿತ್ತು. ಆ ಪ್ರತಿ ಈಗ ನಮ್ಮ ಮೇಜಿನ ಮೇಲಿದೆ. ಆಂತರಿಕ ಪರೀಕ್ಷೆಗೆ ಇನ್ನು ಇಪ್ಪತ್ತು ದಿನ ಉಳಿದಿದೆ. ಉತ್ತರ ಬಂದರೆ ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ. ಬಾರದಿದ್ದರೆ, ಇಪ್ಪತ್ತೊಂದನೆಯ ದಿನ ಕಾಲೇಜಿನ ಬಾಗಿಲಲ್ಲಿ ತಂದೆ ಮಗಳು ಇಬ್ಬರೇ ನಿಂತಿರುವುದಿಲ್ಲ.